ಈಜುವ ಮಗಳ ಹೆಸರಿಗೆ ಬೆಲೆ ಬಂದಿದೆ, ದುಡ್ಡು ತಗೋಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮಗಳು ಈಜುಗಾರ್ತಿ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಧ ಸ್ಕಾಲರ್‌ಶಿಪ್ ಮೇಲೆ ಎರಡನೇ ವರ್ಷ ಓದುತ್ತಿದ್ದಾಳೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ. ಅವಳ ತಂಡದ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ ಈಜು ಕನ್ನಡಕ, ಪ್ರೋಟೀನ್ ಪುಡಿ ತೋರಿಸಿ ದುಡ್ಡು ಮಾಡ್ತಾರಂತೆ. ಇಲ್ಲಿ ನಮ್ಮ ಪರಿಚಯದ ಕ್ರೀಡಾ ಉಡುಪಿನ ಅಂಗಡಿಯವರು, ‘ನಿಮ್ಮ ಮಗಳು ನಮ್ಮ ಬಟ್ಟೆ ಹಾಕಿಕೊಂಡು ನಾಲ್ಕು ಫೋಟೋ ಹಾಕಲಿ, 50 ಸಾವಿರ ಕೊಡ್ತೀವಿ’ ಅಂದರು. ಮಗಳು ಕೋಚ್‌ಗೆ ಕೇಳಿದರೆ ಮುಟ್ಟಲೇಬೇಡ ಅಂದರಂತೆ. ನಮ್ಮ ಯಜಮಾನರದ್ದು ಇನ್ನೊಂದು ರಾಗ: ಓದೋಕೆ ಹೋದವಳು ಓದಲಿ, ಈ ವಯಸ್ಸಿಗೆ ದುಡ್ಡಿನ ರುಚಿ ಯಾಕೆ ಅಂತ. ಕಾಲೇಜು ಆಟಗಾರರು ಹೀಗೆ ದುಡಿಯೋದು ಸರಿಯಾ? ಸರಿ ಅಂದರೆ ಇವಳಿಗೆ ಮಾತ್ರ ಯಾಕೆ ಬೇಡ?

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಮಗಳು ಅಮೆರಿಕದಲ್ಲಿ ಇರುವಷ್ಟು ದಿನ ಆ ಅಂಗಡಿಗಾಗಿ ಒಂದೇ ಒಂದು ಫೋಟೋ ಕೂಡ ಹಾಕುವುದು ಬೇಡ. ಕೋಚ್ ಹೇಳಿದ್ದು ಸರಿ. ಆದರೆ ತಡೆ ಇರುವುದು ಆಟದ ನಿಯಮದಲ್ಲಲ್ಲ, ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದಲ್ಲಿ. ಅದರ ವಿವರಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಯಜಮಾನರ ಜೊತೆ ಸ್ವಲ್ಪ ಜಗಳ ಆಡಬೇಕು.

ಅವರು ಹೇಳಿದ ಮಾತನ್ನೇ ಅಮೆರಿಕದ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಹೇಳಿಕೊಂಡು ಬಂತು. 1906ರಲ್ಲಿ ಹುಟ್ಟಿದ ಸಂಸ್ಥೆ ಅದು. ಇವತ್ತು ಅದರ ಕೆಳಗೆ 5 ಲಕ್ಷಕ್ಕೂ ಹೆಚ್ಚು ಆಟಗಾರರಿದ್ದಾರೆ. ಇವರು ಮೊದಲು ವಿದ್ಯಾರ್ಥಿಗಳು, ಆಮೇಲೆ ಆಟಗಾರರು, ಆದ್ದರಿಂದ ಸ್ಕಾಲರ್‌ಶಿಪ್ ಬಿಟ್ಟು ಬಿಡಿಗಾಸು ಮುಟ್ಟಬಾರದು ಅನ್ನುವುದು ಅದರ ವಾದವಾಗಿತ್ತು. ಕೇಳಲು ಚೆನ್ನಾಗಿದೆ. ಆದರೆ ‘ವಿದ್ಯಾರ್ಥಿ-ಆಟಗಾರ’ ಅನ್ನುವ ಆ ಜೋಡಿ ಪದ ಎಲ್ಲಿಂದ ಬಂತು ಗೊತ್ತಾ? 1955ರಲ್ಲಿ ಕೊಲರಾಡೋದ ಒಂದು ಸಣ್ಣ ಕಾಲೇಜಿನ ಪರವಾಗಿ ಫುಟ್‌ಬಾಲ್ (ನಮ್ಮದಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಆಡುವಾಗ ರೇ ಡೆನಿಸನ್ ಎಂಬ ಆಟಗಾರನ ತಲೆಗೆ ಪೆಟ್ಟು ಬಿತ್ತು. ಆತ ಬದುಕಲಿಲ್ಲ. ಕೆಲಸದಲ್ಲಿ ಸತ್ತ ಕಾರ್ಮಿಕನ ಮನೆಯವರಿಗೆ ಸಿಗುವ ಪರಿಹಾರ ತನಗೂ ಬೇಕು ಎಂದು ಹೆಂಡತಿ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆತ ನೌಕರ ಅಲ್ಲ ಎಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೈಚೆಲ್ಲಿತು. ಆಟಗಾರರನ್ನು ಎಲ್ಲಿ ನೌಕರರು ಅಂದುಬಿಡುತ್ತಾರೋ ಎಂಬ ಭಯಕ್ಕೇ ತಾವು ಈ ಪದ ಕಟ್ಟಿ ಎಲ್ಲ ಕಡೆ ಬಳಸುವಂತೆ ಮಾಡಿದೆವು ಎಂದು ಎನ್‌ಸಿಎಎಯನ್ನು 1951ರಿಂದ ಮೂರೂವರೆ ದಶಕ ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತಿಯಾದ ಮೇಲೆ ತಾವೇ ಬರೆದುಕೊಂಡರು. ಅಂದರೆ ಓದಿನ ಮೇಲಿನ ಪ್ರೀತಿಗೆ ಹುಟ್ಟಿದ ಪದ ಅಲ್ಲ ಅದು. ಪರಿಹಾರ ತಪ್ಪಿಸಲು ಹುಟ್ಟಿದ ಪದ.

ಹಾಗಂತ ಕಾಲೇಜುಗಳು ಸಂನ್ಯಾಸಿಗಳಾಗಿ ಉಳಿದಿದ್ದವಾ? ಅದೂ ಇಲ್ಲ. ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿ ಒಂದರ ಟಿವಿ ಹಕ್ಕನ್ನೇ 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಿದರು. ಅಲಬಾಮಾದ ಫುಟ್‌ಬಾಲ್ ಕೋಚ್ ನಿಕ್ ಸೇಬನ್‌ಗೆ ಕೊನೆಯ ವರ್ಷಗಳಲ್ಲಿ ಸಿಗುತ್ತಿದ್ದದ್ದು ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಮೇಲೆ. ಆಡುವ ಹುಡುಗ ಮಾತ್ರ ತನ್ನ ಜೆರ್ಸಿ ಮಾರಿದರೆ ಅಪರಾಧಿ. ಜಾರ್ಜಿಯಾದ ಎ.ಜೆ. ಗ್ರೀನ್ ಅನ್ನು 2010ರಲ್ಲಿ ನಾಲ್ಕು ಪಂದ್ಯ ಕೂರಿಸಿದ್ದು ಅದೇ ತಪ್ಪಿಗೆ. ತನ್ನದೇ ಅಂಗಿಯನ್ನು ಸಾವಿರ ಡಾಲರ್‌ಗೆ ಮಾರಿದ್ದ. 2014ರಲ್ಲಿ ಕನೆಕ್ಟಿಕಟ್ ತಂಡ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆದಾಗ ಅದರ ತಾರೆ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ. ಊಟದ ನಿಯಮ ಸಡಿಲವಾದದ್ದು ಅದಾದ ಮೇಲೆ.

ನಾನು ಅಲ್ಲಿ ಓದುವಾಗ ಒಂದು ಕಾಲೇಜಿನ ನಿಯಮಪಾಲನೆ ಆಫೀಸಿನಲ್ಲಿ ಒಂದು ಸೆಮಿಸ್ಟರ್ ಫೈಲು ಹೊತ್ತಿದ್ದೆ. ಆಟಗಾರರಿಗೆ ತಿಂಡಿಯಾಗಿ ಬೇಗಲ್ ಬ್ರೆಡ್ಡು ಕೊಡಬಹುದು, ಅದರ ಮೇಲೆ ಚೀಸ್ ಸವರಿದರೆ ಅದು ‘ಊಟ’ವಾಗಿ ನಿಯಮ ಮುರಿದಂತೆ ಅನ್ನುವ ಕಾಲ ಅದು. ಇಡ್ಲಿ ಕೊಡಿ, ಚಟ್ನಿ ಹಾಕಿದರೆ ಕೇಸು ಅಂದ ಹಾಗೆ. ಹುಡುಗನೊಬ್ಬನ ಪಿಜ್ಜಾ ಬಿಲ್ಲು ಯಾರು ಕೊಟ್ಟರು ಅನ್ನುವುದರ ಮೇಲೆ ನಾನೇ ಎರಡು ಪುಟ ಟೈಪ್ ಮಾಡಿದ್ದೇನೆ. ಆ ಹುಡುಗನ ಹೆಸರಿನ ಜೆರ್ಸಿ ಅದೇ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ನೇತಾಡುತ್ತಿತ್ತು.

ಈಗ ಹೆಸರು, ಮುಖ, ಹೋಲಿಕೆ ಅನ್ನುವ ವಿಷಯ. ಅಲ್ಲಿ ಇದಕ್ಕೆ ಎನ್‌ಐಎಲ್ ಅನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನೀವು ಅಮೆರಿಕಕ್ಕೆ ಹೋಗಬೇಕಿಲ್ಲ. ಸಿಇಟಿ, ನೀಟ್ ಫಲಿತಾಂಶ ಬಂದ ಮಾರನೇ ದಿನ ಪೇಪರ್ ಬಿಡಿಸಿ. ಒಂದೊಂದು ಪುಟದ ತುಂಬ ಪಾಸ್‌ಪೋರ್ಟ್ ಸೈಜಿನ ಮಕ್ಕಳ ಮುಖ, ಕೆಳಗೆ ರ‍್ಯಾಂಕು, ಮೇಲೆ ಕೋಚಿಂಗ್ ಸಂಸ್ಥೆಯ ಹೆಸರು. ಬಸ್ಸಿನ ಹಿಂದೆಯೂ ಅದೇ ಮುಖ. ಆ ಮುಖ ನೋಡಿ ಮುಂದಿನ ವರ್ಷ ನೂರಾರು ಜನ ಫೀಸು ಕಟ್ಟುತ್ತಾರೆ. ಮುಖದ ಒಡೆಯನಿಗೆ ಏನು ಸಿಕ್ಕಿತು? ಒಂದು ಶಾಲು, ಒಂದು ಹಾರ. ಮಗು ಪಾಸಾದ ಮೇಲೆ ಲಿಖಿತ ಒಪ್ಪಿಗೆ ಪಡೆಯದೆ ಹೆಸರು, ಫೋಟೋ ಬಳಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದದ್ದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಕಾಲೇಜುಗಳು ದಶಕಗಳ ಕಾಲ ಮಾಡಿದ್ದೂ ಇದನ್ನೇ. ವ್ಯತ್ಯಾಸ ಇಷ್ಟೇ, ಅಲ್ಲಿ ಆ ಹುಡುಗ ಇನ್ನೊಂದು ಕಡೆ ತನ್ನ ಫೋಟೋ ಕೊಟ್ಟು ಹತ್ತು ರೂಪಾಯಿ ದುಡಿಯುವುದನ್ನೂ ನಿಷೇಧಿಸಿದ್ದರು.

ಇದು ಮುರಿದದ್ದು ಒಂದು ವಿಡಿಯೊ ಗೇಮಿನಿಂದ. ಎಡ್ ಒಬ್ಯಾನನ್ 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಕಪ್ ಗೆದ್ದು ಕೊಟ್ಟವನು. ವರ್ಷಗಳಾದ ಮೇಲೆ ಗೆಳೆಯನ ಮನೆಗೆ ಹೋದಾಗ ಅಲ್ಲಿನ ಹುಡುಗ ಆಡುತ್ತಿದ್ದ ಗೇಮಿನ ಪರದೆಯಲ್ಲಿ ತನ್ನನ್ನೇ ನೋಡಿದ. ಅದೇ ಬೋಳು ತಲೆ, ಅದೇ ಎಡಗೈ, ಅದೇ 31ನೇ ನಂಬರು. ಹೆಸರು ಮಾತ್ರ ಬರೆದಿರಲಿಲ್ಲ. ಹೋಲಿಕೆ ಅಂದರೆ ಇದೇ. 2009ರಲ್ಲಿ ಕೇಸು ಹಾಕಿದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಗೇಮಿನ ಕಂಪನಿ ಮತ್ತು ಪರವಾನಗಿ ಕಂಪನಿ ಸೇರಿ 4 ಕೋಟಿ ಡಾಲರ್ ಕೊಟ್ಟು ಮೊದಲೇ ರಾಜಿ ಮಾಡಿಕೊಂಡಿದ್ದವು. ಕಾಲೇಜು ಫುಟ್‌ಬಾಲ್ ಗೇಮೇ ನಿಂತುಹೋಯಿತು. ಅದು ಮತ್ತೆ ಬಂದದ್ದು 2024ರಲ್ಲಿ. ಈ ಸಲ ಒಪ್ಪಿಗೆ ಕೊಟ್ಟ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಒಂದು ಗೇಮು.

2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಮೊದಲ ಕಾನೂನು ಮಾಡಿತು. ಬೇರೆ ರಾಜ್ಯಗಳು ಹಿಂದೆ ಬಿದ್ದವು. 2021ರ ಜೂನ್ 21ರಂದು ಆಲ್ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಆ ಪ್ರಕರಣ ಇದ್ದದ್ದು ಲ್ಯಾಪ್‌ಟಾಪ್, ಟ್ಯೂಷನ್ ಥರದ ಓದಿನ ಸೌಲಭ್ಯಗಳ ಬಗ್ಗೆ, ಹೆಸರಿನ ದುಡ್ಡಿನ ಬಗ್ಗೆ ಅಲ್ಲ. ಆದರೂ ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದು ನ್ಯಾಯಮೂರ್ತಿ ಕ್ಯಾವನಾ ಬರೆದದ್ದನ್ನು ಓದಿದ ಮೇಲೆ ಸಂಸ್ಥೆಗೆ ಧೈರ್ಯ ಉಳಿಯಲಿಲ್ಲ. ಹತ್ತೇ ದಿನಕ್ಕೆ, ಜುಲೈ 1ರಂದು, ಬಾಗಿಲು ತೆಗೆಯಿತು. ಅವತ್ತೇ ಫ್ರೆಸ್ನೊ ಸ್ಟೇಟ್‌ನ ಅವಳಿ ಸಹೋದರಿಯರು, ಬ್ಯಾಸ್ಕೆಟ್‌ಬಾಲ್ ಆಡುವ ಕ್ಯಾವಿಂಡರ್‌ಗಳು, ಮೊಬೈಲ್ ಕಂಪನಿಯೊಂದರ ಜೊತೆ ಸಹಿ ಹಾಕಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಬೋರ್ಡಿನಲ್ಲಿ ಮಿಂಚಿದರು. ಆಕಾಶ ಕಳಚಿ ಬೀಳಲಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಸರಿ, ನೂರಕ್ಕೆ ನೂರು ಸರಿ. ಸಂಗೀತ ಓದುವ ವಿದ್ಯಾರ್ಥಿ ಮದುವೆ ಮನೆಯಲ್ಲಿ ಹಾಡಿ ಸಂಭಾವನೆ ತಗೊಂಡರೆ ಯಾರೂ ಅವನನ್ನು ಕ್ಲಾಸಿನಿಂದ ಹೊರಗೆ ಹಾಕುವುದಿಲ್ಲ. ಈಜುವವಳಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಅದರಲ್ಲೂ ಈಜಿನವರ ಕಥೆ ಇನ್ನೂ ವಿಚಿತ್ರ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಸಿಂಗಪುರದ ಜೋಸೆಫ್ ಸ್ಕೂಲಿಂಗ್, 100 ಮೀಟರ್ ಬಟರ್‌ಫ್ಲೈನಲ್ಲಿ ಫೆಲ್ಪ್ಸ್ ಅನ್ನು ಸೋಲಿಸಿದ. ಅವನ ದೇಶ ಕೊಟ್ಟ 10 ಲಕ್ಷ ಸಿಂಗಪುರ ಡಾಲರ್ ಬಹುಮಾನ ತಗೋಬಹುದಿತ್ತು. ಒಂದು ಜಾಹೀರಾತಿನಲ್ಲಿ ನಿಂತು ನಗುವ ಹಾಗಿರಲಿಲ್ಲ. ಅದೇ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದ ಕೇಟಿ ಲೆಡೆಕಿ ಎರಡು ವರ್ಷ ಸ್ಟ್ಯಾನ್‌ಫರ್ಡ್‌ಗೆ ಈಜಿ, 2018ರಲ್ಲಿ ಕಾಲೇಜು ತಂಡವನ್ನೇ ಬಿಡಬೇಕಾಯಿತು. ಜಾಹೀರಾತು ಬೇಕು ಅಂದರೆ ತಂಡ ಬಿಡು ಅನ್ನುವುದೇ ಆಗಿನ ನಿಯಮ. ಈಜುಗಾರ್ತಿಯ ಹೆಸರಿಗೆ ಬೆಲೆ ಇರುವುದು ಇಪ್ಪತ್ತರ ಆಸುಪಾಸಿನ ನಾಲ್ಕೈದು ವರ್ಷ. ಆ ವರ್ಷಗಳನ್ನೇ ಬೀಗ ಹಾಕಿಟ್ಟು, ಡಿಗ್ರಿ ಮುಗಿದ ಮೇಲೆ ದುಡಿ ಅನ್ನುವುದು ಮಾವಿನ ಹಣ್ಣನ್ನು ಕಾರ್ತಿಕದಲ್ಲಿ ಮಾರು ಅಂದ ಹಾಗೆ.

ನಿಮ್ಮ ಊರಿನಲ್ಲೇ ಹುಟ್ಟಿದ ವಿಕಾಸ್ ಗೌಡ ಗೊತ್ತಲ್ವಾ? ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ಅದಕ್ಕೂ ಮೊದಲೇ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಿ ಬಂದಿದ್ದವರು. ಆಗ ಮೈಸೂರಿನ ಯಾವ ಅಂಗಡಿ ಬಂದು ಕೇಳಿದ್ದರೂ, ಕಾಲೇಜಿನ ಪರ ಆಡುವುದನ್ನು ಉಳಿಸಿಕೊಳ್ಳಬೇಕಾದರೆ ಬೇಡ ಅನ್ನಲೇಬೇಕಿತ್ತು.

ಇಷ್ಟಾಗಿಯೂ ನಿಮ್ಮ ಯಜಮಾನರ ಅನುಮಾನ ಪೂರ್ತಿ ಸುಳ್ಳಲ್ಲ. ಅವರು ಹೆದರಬೇಕಾದ ಜಾಗ ಬೇರೆ ಇದೆ ಅಷ್ಟೇ. 2021ರ ನಂತರ ಹೆಸರಿನ ದುಡ್ಡು ಅನ್ನುವ ಬೋರ್ಡಿನ ಕೆಳಗೆ ಇನ್ನೊಂದು ಅಂಗಡಿ ತೆರೆಯಿತು. ಕಾಲೇಜಿನ ಶ್ರೀಮಂತ ಅಭಿಮಾನಿಗಳು ಸೇರಿ ಹಣ ಕೂಡಿಸಿದರು. ಇದಕ್ಕೆ ಅಲ್ಲಿ ಕಲೆಕ್ಟಿವ್ ಅಂತಾರೆ. ಆ ಹಣದಲ್ಲಿ ಒಳ್ಳೆಯ ಆಟಗಾರರನ್ನು ತಮ್ಮ ಕಾಲೇಜಿಗೆ ಎಳೆಯತೊಡಗಿದರು. ಕಾಗದದಲ್ಲಿ ಬರೆಯುವುದು ‘ಎರಡು ಆಟೋಗ್ರಾಫ್, ಒಂದು ಪೋಸ್ಟ್’. ನಿಜದಲ್ಲಿ ಅದು ಸಂಬಳ. ಇದು ಹೆಸರು ಮಾರಿದ ದುಡ್ಡಲ್ಲ, ಆಟ ಮಾರಿದ ದುಡ್ಡು. ಆಟಕ್ಕೆ ಸಂಬಳ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೋಟಿಗಟ್ಟಲೆ ಬರುವ ಕಡೆ ಕೊಡಲೇಬೇಕು. ಆದರೆ ಸಂಬಳವನ್ನು ಸಂಬಳ ಅಂತ ಕರೆಯದಿದ್ದರೆ ನೇಮಕಾತಿ ಪತ್ರ ಇರುವುದಿಲ್ಲ, ವಿಮೆ ಇರುವುದಿಲ್ಲ, ಮಾತು ತಪ್ಪಿದರೆ ಕೇಳಲು ದಾರಿ ಇರುವುದಿಲ್ಲ. ಜೇಡನ್ ರಶಾಡಾ ಎಂಬ ಹುಡುಗ, ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಬಂದರೆ 1.385 ಕೋಟಿ ಡಾಲರ್ ಕೊಡುವುದಾಗಿ ಹೇಳಿ ಕೈಕೊಟ್ಟರು ಎಂದು 2024ರಲ್ಲಿ ಕೋರ್ಟಿಗೆ ಹೋದ. ಅದೇ ವರ್ಷ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡದ ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಗೆಲ್ಲಿಸಿ ಸೀಸನ್ ನಡುವೆಯೇ ಎದ್ದುಹೋದ. ಬಾಯಿಮಾತಿನಲ್ಲಿ ಹೇಳಿದ ಲಕ್ಷ ಡಾಲರ್ ಬರಲಿಲ್ಲ ಅನ್ನುವುದು ಅವನ ಕಡೆಯವರ ವಾದ. 1957ರಲ್ಲಿ ಆ ವಿಧವೆಗೆ ಹೇಳಿದ ‘ನೌಕರ ಅಲ್ಲ’ ಅನ್ನುವ ಮಾತು ಇವತ್ತಿಗೂ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ ನೋಡಿ.

ಈ ಗೊಂದಲಕ್ಕೆ ಒಂದು ಚೌಕಟ್ಟು ಹಾಕಿದ್ದು 2025ರ ಜೂನ್ 6ರ ಹೌಸ್ ರಾಜಿ ಒಪ್ಪಂದ. ಮತ್ತೆ ಅದೇ ನ್ಯಾಯಾಧೀಶೆ ವಿಲ್ಕೆನ್. ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಇನ್ನು ಮೇಲೆ ಕಾಲೇಜುಗಳು ತಾವೇ ನೇರವಾಗಿ ಆಟಗಾರರಿಗೆ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಹೊರಗಿನಿಂದ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಒಪ್ಪಂದ ಬಂದರೆ ನಿಲ್ ಗೋ ಎಂಬ ಜಾಲತಾಣದಲ್ಲಿ ತಿಳಿಸಬೇಕು. ಕಲೆಕ್ಟಿವ್‌ನಂಥವರು ಕೊಡುವ ದುಡ್ಡು ನಿಜವಾದ ಜಾಹೀರಾತಿಗಾ ಅಥವಾ ಹೆಸರಿಗೆ ಮಾತ್ರವಾ ಅಂತ ಅಲ್ಲಿ ನೋಡುತ್ತಾರೆ.

ಇದರಲ್ಲಿ ನಿಮ್ಮ ಮಗಳಿಗೆ ತಟ್ಟುವ ವ್ಯಂಗ್ಯ ಒಂದಿದೆ. ಆ ಕೇಸಿಗೆ ಹೆಸರು ಕೊಟ್ಟ ಗ್ರ್ಯಾಂಟ್ ಹೌಸ್ ಅರಿಜೋನಾ ಸ್ಟೇಟ್‌ನ ಈಜುಗಾರ! ಆದರೆ ಬಾಕಿ ದುಡ್ಡಿನಲ್ಲಿ ನೂರಕ್ಕೆ ಸುಮಾರು 90 ಪಾಲು ಪುರುಷರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ. ಈಜು, ಓಟ, ಟೆನ್ನಿಸ್ ಎಲ್ಲ ಸೇರಿ ಚಿಲ್ಲರೆ. ಕಾಲೇಜಿನಲ್ಲಿ ಹೆಣ್ಣು ಗಂಡಿಗೆ ಸಮಾನ ಅವಕಾಶ ಇರಬೇಕು ಅನ್ನುವ 1972ರ ಟೈಟಲ್ 9 ಕಾನೂನಿಗೆ ಇದು ವಿರುದ್ಧ ಎಂದು ಆಟಗಾರ್ತಿಯರು ಮೇಲ್ಮನವಿ ಹಾಕಿದರು. ಇನ್ನು ಫುಟ್‌ಬಾಲ್‌ಗೆ ಕೊಡಬೇಕಾದ ದುಡ್ಡನ್ನು ಕಾಲೇಜು ಎಲ್ಲಿಂದ ತರಬೇಕು? 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನೇ ಮುಚ್ಚಿತು. ಮಗಳಿಗೆ ಜಾಹೀರಾತಿನ ಚಿಂತೆಗಿಂತ ಮೊದಲು ತನ್ನ ತಂಡದ ಮುಂದಿನ ವರ್ಷದ ಗತಿ ಏನು ಅಂತ ಕೋಚ್‌ಗೆ ನೇರವಾಗಿ ಕೇಳಲು ಹೇಳಿ. ಅರ್ಧ ಸ್ಕಾಲರ್‌ಶಿಪ್ ಅಂದಿರಿ, ಅದು ಎಷ್ಟು ವರ್ಷಕ್ಕೆ ಅಂತ ಬರವಣಿಗೆಯಲ್ಲಿದೆಯಾ, ನೋಡಿ.

ಈಗ ವೀಸಾ. ಎಫ್-1 ಮೇಲೆ ಇರುವವರು ಅನುಮತಿ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡುವಂತಿಲ್ಲ. ದುಡ್ಡಿಗಾಗಿ ಫೋಟೋ ಹಾಕುವುದು ಕೆಲಸವಾ? ಅಂಗಡಿ ಮೈಸೂರಿನದು, ದುಡ್ಡು ಮೈಸೂರಿನ ಖಾತೆಗೆ ಬರುತ್ತದೆ, ತೊಂದರೆ ಏನು ಅಂತ ನೀವು ಕೇಳಬಹುದು. ದುಡ್ಡು ಎಲ್ಲಿಗೆ ಬಂತು ಅನ್ನುವುದಲ್ಲ, ಮೈ ಎಲ್ಲಿತ್ತು ಅನ್ನುವುದು ಲೆಕ್ಕ. ಹಾಸ್ಟೆಲ್ ರೂಮಿನಲ್ಲಿ ಕೂತು ಪೋಸ್ಟ್ ಒತ್ತಿದರೆ ಅದು ಅಮೆರಿಕದಲ್ಲಿ ಮಾಡಿದ ಕೆಲಸ ಅನ್ನಿಸಿಕೊಳ್ಳುತ್ತದೆ. ಸಿಕ್ಕಿಬಿದ್ದರೆ ಹೋಗುವುದು 50 ಸಾವಿರ ಅಲ್ಲ, ವೀಸಾ, ಅದರ ಜೊತೆ ಡಿಗ್ರಿ. ತಂಡದಲ್ಲಿ ಅವಳ ಪಕ್ಕದ ಲೇನಿನಲ್ಲಿ ಈಜುವ ಹುಡುಗಿ ಅಮೆರಿಕದ ಪ್ರಜೆ, ಅವಳಿಗೆ ಈ ಕಾಟ ಇಲ್ಲ. ಇದು ಅನ್ಯಾಯವೇ. 2022ರಲ್ಲಿ ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ತಾರೆ, ಕಾಂಗೊ ದೇಶದ ಆಸ್ಕರ್ ಶೀಬ್ವೆ ಇದಕ್ಕೆ ಒಂದು ದಾರಿ ಹುಡುಕಿದ. ತಂಡ ಬಹಾಮಾಸ್ ದ್ವೀಪಕ್ಕೆ ಆಡಲು ಹೋದಾಗ ಅಲ್ಲೇ ಜಾಹೀರಾತಿನ ಕೆಲಸ ಮುಗಿಸಿಕೊಂಡು ಬಂದ. ಅಮೆರಿಕದ ನೆಲದಲ್ಲಿ ಕೆಲಸ ಮಾಡಲಿಲ್ಲ, ಅಷ್ಟೇ.

ಅಮೆರಿಕದಲ್ಲೇ ಇರುವ ಕನ್ನಡದ ಮನೆಗಳಿಗೂ ಒಂದು ಮಾತು. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾ ಮೇಲಿರುವ ಮಕ್ಕಳಿಗೂ ಇದೇ ಕಟ್ಟು. ಚಿಕ್ಕಂದಿನಿಂದ ಅಲ್ಲೇ ಬೆಳೆದಿದ್ದಾನೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡ್ ಬಂದಿದ್ದರೆ ಮಾತ್ರ ನಿಶ್ಚಿಂತೆ.

ಹಾಗಾದರೆ ನಿಮ್ಮ ಮಗಳು ಏನು ಮಾಡಬಹುದು? ಬೇಸಿಗೆ ರಜೆಗೆ ಊರಿಗೆ ಬರುತ್ತಾಳಲ್ಲ, ಆಗ ಫೋಟೋ ತೆಗೆಸಲಿ. ಅಂಗಡಿಯವರು ಅದನ್ನು ತಮ್ಮ ಪುಟದಲ್ಲಿ ಹಾಕಿಕೊಳ್ಳಲಿ, ಅವಳು ವಾಪಸ್ ಹೋದ ಮೇಲೆ ಅವಳಿಂದ ಏನೂ ಕೇಳಬಾರದು. 50 ಸಾವಿರ ಅಂದರೆ ಸದ್ಯದ ದರದಲ್ಲಿ 600 ಡಾಲರ್‌ನ ಆಸುಪಾಸು ಬರುತ್ತದೆ, ಆದ್ದರಿಂದ ಕಾಲೇಜಿನ ನಿಯಮಪಾಲನೆ ಆಫೀಸಿಗೆ ಸಹಿ ಹಾಕುವ ಮೊದಲೇ ತಿಳಿಸಲಿ. ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಅವಳ ಫೈಲು ನೋಡುವ ಅಧಿಕಾರಿಗೂ ಈಮೇಲ್ ಹಾಕಲಿ. ಬಾಯಿಮಾತು ಬೇಡ, ಉತ್ತರ ಬರವಣಿಗೆಯಲ್ಲೇ ಬರಲಿ. ಅವರು ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದರೆ ವಲಸೆ ಕಾನೂನಿನ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳಿ. ಇಲ್ಲಿ ದುಡಿದದ್ದಕ್ಕೆ ಇಲ್ಲೇ ತೆರಿಗೆ ಲೆಕ್ಕ ಕೊಡಬೇಕು, ನಿಮ್ಮ ಸಿಎಗೆ ಹೇಳಿಬಿಡಿ. ಫೋಟೋದಲ್ಲಿ ಕಾಲೇಜಿನ ಲಾಂಛನ ಇರುವ ಟೋಪಿ, ಈಜುಡುಗೆ ಬೇಡ. ಅದು ಕಾಲೇಜಿನ ಸ್ವತ್ತು.

ಕೈಖರ್ಚಿಗೇ ದುಡ್ಡು ಬೇಕು ಅನ್ನುವುದಾದರೆ ಇನ್ನೂ ಸುಲಭದ ದಾರಿ ಇದೆ. ಎಫ್-1 ಮೇಲೆ ಕ್ಯಾಂಪಸ್ಸಿನ ಒಳಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಕಾಲೇಜಿನ ಕೊಳದಲ್ಲೇ ಲೈಫ್‌ಗಾರ್ಡ್ ಆಗಿ ಕೂತರೆ ಗಂಟೆಗಿಷ್ಟು ಅಂತ ಸಿಗುತ್ತದೆ. ನಿಮ್ಮ ಯಜಮಾನರೂ ಒಪ್ಪಬಹುದು.

ಅಂಗಡಿಯವರ ಒಪ್ಪಂದದ ಕಾಗದ ಬಂದಾಗ ಸುಮ್ನೆ ಸಹಿ ಹಾಕಬೇಡಿ. ‘ಶಾಶ್ವತವಾಗಿ’, ‘ಎಲ್ಲ ಮಾಧ್ಯಮಗಳಲ್ಲಿ’, ‘ಬೇರೆ ಯಾವ ಸಂಸ್ಥೆಗೂ’ ಅನ್ನುವ ಪದ ಎಲ್ಲಿದೆ ಹುಡುಕಿ. ಪರಿಚಯದವರು ಅಂತ ಸಂಕೋಚ ಬೇಡ. ಆ ಮೂರೂ ಪದ ಹೊಡೆದು, ‘ಒಂದು ವರ್ಷ’ ಅಂತ ಬರೆಸಿ, ಆಮೇಲೆ ಮಗಳ ಕೈಗೆ ಪೆನ್ನು ಕೊಡಿ.